ಫೋಟೊಗಳು ನಮ್ಮ ಕೈಯಲ್ಲಿರುವ ಅಮಾನತ್

ಹೋದ ಮಳೆಗಾಲದಲ್ಲಿ ನಮ್ಮ ಚಾಚಾ ಅವರ ಫೋನ್ ನೀರಿನ ಬಕೆಟ್ಟಿಗೆ ಬಿತ್ತು. ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ಅದು ಏಳಲಿಲ್ಲ. ರಿಪೇರಿಯವರು ಬೋರ್ಡ್ ಹೋಗಿದೆ ಎಂದು ಕೈಚೆಲ್ಲಿದರು. ಹೊಸ ಫೋನ್ ಕಂತಿನ ಮೇಲೆ ಬಂತು, ಆದರೆ ಹಳೆಯದರಲ್ಲಿದ್ದ ಆರು ವರ್ಷದ ಫೋಟೊಗಳು ಬರಲಿಲ್ಲ. ದಾದಾ ತಮ್ಮ ಕೊನೆಯ ಈದ್‌ನಲ್ಲಿ ಹೊಸ ಟೋಪಿ ಹಾಕಿಕೊಂಡು ಮೊಮ್ಮಕ್ಕಳ ನಡುವೆ ಕುಳಿತು ನಗುತ್ತಿದ್ದ ಫೋಟೊ ಅದರಲ್ಲೇ ಇತ್ತು. ಈಗ ಮನೆಯಲ್ಲಿ ಅವರ ಮುಖ ಉಳಿದಿರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ಆ ಫೋಟೊದಲ್ಲಿ ದಾದಾ ನಗುತ್ತಿಲ್ಲ.

ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದರೆ ಕೆಲಸದಿಂದ ದೂರ ಇಟ್ಟರು ಎಂದು ಅರ್ಥ. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ಬೇರೆಯವರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಮನೆಯ ಫೋಟೊಗಳು ಈ ಎರಡನೆಯ ಅರ್ಥದ ಅಮಾನತ್ ಎಂಬುದು ನನ್ನ ವಾದ. ಅದನ್ನು ಕಾಯುವ ಹೊಣೆ ಅಂಗಡಿಯವರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. ಮನೆಯಲ್ಲಿ ಫೋನ್ ಚೆನ್ನಾಗಿ ಬಲ್ಲವರು ನಾವು, ಪಿಯುಸಿ ಓದುವ ಮಕ್ಕಳು. ಹೊಣೆಯೂ ನಮ್ಮದೇ.

“ಎಲ್ಲಾ ಗೂಗಲ್‌ನಲ್ಲಿ ಇರ್ತದ ಬಿಡು” ಎನ್ನುವ ಮಾತನ್ನು ತರಗತಿಯಲ್ಲಿ ಬಹಳ ಸಲ ಕೇಳಿದ್ದೇನೆ. ಇದು ಅರ್ಧ ಸತ್ಯ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವುದು 15 ಜಿಬಿ. ಅದರಲ್ಲೇ ಜಿಮೇಲ್, ಡ್ರೈವ್ ಎಲ್ಲವೂ ಸೇರಬೇಕು. ಒಂದು ಫೋಟೊಕ್ಕೆ 4 ಎಂಬಿ ಎಂದು ಹಿಡಿದರೆ 4,000 ಫೋಟೊ ಸಹ ಹಿಡಿಸುವುದಿಲ್ಲ. ಒಂದು ಶಾದಿಯ ವಿಡಿಯೊಗಳೇ ಅದನ್ನು ತುಂಬಿಬಿಡುತ್ತವೆ. ತುಂಬಿದ ಮೇಲೆ ಹೊಸ ಫೋಟೊ ಮೇಲೇರುವುದು ನಿಲ್ಲುತ್ತದೆ. ಎಚ್ಚರಿಕೆಯ ಸಂದೇಶ ಬಂದರೂ ಅದನ್ನು ಓದದೆ ಸರಿಸುವವರೇ ಹೆಚ್ಚು. ಆ ಆ್ಯಪ್‌ನಲ್ಲಿ ಅಳಿಸಿದ ಫೋಟೊ ಫೋನಿನಿಂದಲೂ ಕ್ಲೌಡ್‌ನಿಂದಲೂ ಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಕಂಪನಿ ಅಳಿಸಬಹುದು. ತೀರಿಹೋದ ಹಿರಿಯರ ಫೋನಿನ ಖಾತೆಯನ್ನು ನಮ್ಮಲ್ಲಿ ಎಷ್ಟು ಜನ ತೆರೆದು ನೋಡುತ್ತೇವೆ?

ಪೆನ್ ಡ್ರೈವ್ ಇದೆಯಲ್ಲ ಎನ್ನುವವರೂ ಇದ್ದಾರೆ. ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳು ಮಾಹಿತಿಯನ್ನು ಸಣ್ಣ ವಿದ್ಯುದಂಶಗಳಾಗಿ ಹಿಡಿದಿಡುತ್ತವೆ. ವರ್ಷಗಟ್ಟಲೆ ಬಳಸದೆ ಬಿದ್ದಿದ್ದರೆ ಅದು ಸೋರಿ ಫೈಲು ಕೆಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಅಸಲು ಫೋಟೊ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಇನ್ನೊಂದು ಕಾರಣವನ್ನು ಬಿಚ್ಚಿ ಹೇಳಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮಿ, ಖಾಲಾ, ಆಪಾ ಅವರ ಶಾದಿ ಫೋಟೊಗಳನ್ನು ಹೊರಗಿನವರ ಕಂಪ್ಯೂಟರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಈ ಅಂಜಿಕೆ ಸರಿಯಾದದ್ದೇ. ಆದರೆ ಅಂಗಡಿಗೆ ಕೊಡಬಾರದು ಎಂದು ಯಾವ ನಕಲೂ ಮಾಡದೆ ಕೂತರೆ, ಮಾನದ ಜೊತೆ ನೆನಪನ್ನೂ ಉಳಿಸಿಕೊಳ್ಳುವುದು ಹೇಗೆ? ದಾರಿ ಒಂದೇ. ಮನೆಯ ಮಕ್ಕಳೇ ಕಲಿತು ಮನೆಯೊಳಗೇ ಮಾಡಬೇಕು. ಅದರಲ್ಲೂ ಹೆಣ್ಣುಮಕ್ಕಳು ಕಲಿತರೆ ಈ ಚಿಂತೆ ಅಲ್ಲಿಗೇ ತೀರುತ್ತದೆ.

ಮಾಡುವುದು ಕಷ್ಟವಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಫೋನಿನಲ್ಲಿ ಒಂದು, ಮನೆಯ ಅಲ್ಮೇರಾದ ಹಾರ್ಡ್ ಡಿಸ್ಕಿನಲ್ಲಿ ಒಂದು. ಕ್ಲೌಡ್ ಬೇಡವೆಂದರೆ ಮೂರನೆಯದು ಇನ್ನೊಂದು ಹಾರ್ಡ್ ಡಿಸ್ಕ್ ಆಗಲಿ, ಗದಗಿನ ಖಾಲಾ ಮನೆಯಲ್ಲಿರಲಿ. ಬೇರೆ ಊರು ಏಕೆ ಎಂದರೆ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮದೇ ಜಿಲ್ಲೆಯ ಕೊಣ್ಣೂರು, ಲಖಮಾಪುರಗಳಿಗೆ ನೀರು ನುಗ್ಗಿದ್ದನ್ನು ನೆನೆಯಿರಿ. ಅಂಥ ದಿನ ಫೋನೂ ಅಲ್ಮೇರಾವೂ ಒಟ್ಟಿಗೇ ಮುಳುಗುತ್ತವೆ. ಪ್ರತಿ ಈದ್‌ಗೆ ಮೊದಲು ಮನೆಗೆ ಸುಣ್ಣ ಬಳಿಯುವಂತೆ, ಅದೇ ವಾರ ಎರಡೂ ಡಿಸ್ಕಿಗೆ ಹೊಸ ಫೋಟೊ ಸೇರಿಸಿ, ನಾಲ್ಕು ಹಳೆಯದನ್ನು ತೆರೆದು ನೋಡಿ.

ಆದರೆ ಹತ್ತು ಸಾವಿರ ಫೋಟೊಗಳನ್ನು ಹಾಗೇ ತುಂಬಿಡುವುದೂ ಕಾಯುವುದಲ್ಲ. ನಮ್ಮ ಡಂಬಳದ 1095ರ ಶಾಸನ ಇಲ್ಲಿ ವ್ಯಾಪಾರಿಗಳು ಕಟ್ಟಿಸಿದ ಬೌದ್ಧ ವಿಹಾರವಿತ್ತು, ತಾರಾದೇವಿಯ ಗುಡಿಯಿತ್ತು ಎಂದು ಹೇಳುತ್ತದೆ. ಅವು ಇಂದು ಹಾಗೇ ಉಳಿದಿಲ್ಲ. ಕಲ್ಲಿನ ಮೇಲೆ ಹೆಸರು ಬರೆದಿದ್ದರಿಂದ ನಮಗೆ ಗೊತ್ತಾಯಿತು. ಹೆಸರಿಲ್ಲದ ಫೋಟೊ ಐವತ್ತು ವರ್ಷದ ಮೇಲೆ ಯಾರದೋ ಮುಖವಷ್ಟೇ. ಗುಡ್ ಮಾರ್ನಿಂಗ್ ಚಿತ್ರಗಳನ್ನು, ಒಂದೇ ಭಂಗಿಯ ಇಪ್ಪತ್ತು ಸೆಲ್ಫಿಗಳನ್ನು ಅಳಿಸಿ. ವರ್ಷಕ್ಕೊಂದು ಫೋಲ್ಡರ್ ಮಾಡಿ, ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ದಾದಿ ಬದುಕಿರುವಾಗಲೇ ಪಕ್ಕದಲ್ಲಿ ಕೂತು ಕೇಳಿ ಬರೆಯಿರಿ. ವರ್ಷಕ್ಕೆ ಹತ್ತು ಫೋಟೊ ಪ್ರಿಂಟ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಫೋಟೊ ಇಡುವುದೇ ಬೇಡ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತಿಗೆ ಗೌರವ ಕೊಡೋಣ. ಬೇಡವೆಂದವರ ಫೋಟೊ ತೆಗೆಯದಿರುವುದು, ಗೆಳತಿ ಅಳಿಸು ಎಂದರೆ ಎಲ್ಲ ಪ್ರತಿಗಳಿಂದಲೂ ಅಳಿಸುವುದು ಅಮಾನತ್‌ನ ಇನ್ನೊಂದು ಮುಖ. ಆದರೆ ತೆಗೆದು ಇಟ್ಟುಕೊಂಡ ಮೇಲೆ ಅಜಾಗರೂಕತೆಯಿಂದ ಕಳೆಯುವುದನ್ನು ಆ ಹಿರಿಯರೂ ಮೆಚ್ಚಲಾರರು.

ಕಾಲೇಜಿಗೆ ನನ್ನದೊಂದು ಕೋರಿಕೆ. ಒಂದು ಶನಿವಾರ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಗಂಟೆ ಇದನ್ನು ಕಲಿಸಿಕೊಡಿ, ಹುಡುಗಿಯರಿಗೆ ಮೇಡಂ ಅವರೇ ಕಲಿಸಲಿ. ಯಾರೂ ಮನೆಯ ಫೋಟೊ ತರಬೇಕಿಲ್ಲ. ದೊಡ್ಡಬಸಪ್ಪ ಗುಡಿಯ, ನಮ್ಮ ಕೆರೆಯ ಫೋಟೊ ಇಟ್ಟುಕೊಂಡು ಕಲಿತರೆ ಸಾಕು. ಸಂಜೆ ಮನೆಗೆ ಹೋಗಿ ಅಮ್ಮಿಯ ಫೋನ್ ಕೈಗೆತ್ತಿಕೊಳ್ಳಿ. ನಾವು ಆರು ವರ್ಷ ನಾಳೆ ಮಾಡೋಣ ಎಂದೇ ಇದ್ದೆವು.