ಷರಾ ಬೇರೆ, ಹುಕುಂ ಬೇರೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಹಳೆಯದು. ಹಲ್ಲೂ ಕಡಲೆಯೂ ಇದ್ದು ದವಡೆಯೊಳಗೆ ಗಂಟು ಬೆಳೆದರೆ ಏನು ಗತಿಯೆಂದು ಹಿರಿಯರು ಹೇಳಿಲ್ಲ. ಈ ಸಲ ಆ ಮಾತನ್ನೇ ಎತ್ತಿಕೊಂಡಿದ್ದೇವೆ. ಕಾರಣವುಂಟು. ನಮ್ಮ ಬಳಗದ ಒಂದು ಮನೆಗೆ, ಹುಡುಗನ ದವಡೆಯಿಂದ ತೆಗೆದ ಗಂಟಿನ ಪರೀಕ್ಷಾ ವರದಿ ಬಂತು. ಅದರಲ್ಲಿ ‘ಮೆಲನಿನ್’ ಎಂಬ ಪದವಿತ್ತು. ಕಪ್ಪೆಂದರೆ ಕ್ಯಾನ್ಸರೇ ಸರಿ ಎಂದುಕೊಂಡ ತಾಯಿ ಎರಡು ದಿನ ಒಲೆ ಹಚ್ಚಲಿಲ್ಲ.

ನಾವು ವೈದ್ಯರಲ್ಲ, ಕಡತ ತಿರುವುವ ಗುಮಾಸ್ತರು. ಆದರೂ ಬಲ್ಲವರನ್ನು ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇವೆ.

ದವಡೆಯ ಸಿಸ್ಟ್ ಎಂದರೆ ಎಲುಬಿನೊಳಗಣ ಒಂದು ಚೀಲ. ಒಳಗೆ ರಸ, ಸುತ್ತ ತೆಳುವಾದ ಪೊರೆ. ಹುಳುಕು ಹಿಡಿದು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುವುದೇ ಹೆಚ್ಚು. ಹೊರಬಾರದೆ ಹುದುಗಿದ ಹಲ್ಲಿನ, ಅದರಲ್ಲೂ ಇಲ್ಲಿಯವರು ಅಕಲ್ ದಾಢ್ ಎನ್ನುವ ಬುದ್ಧಿಹಲ್ಲಿನ, ತಲೆಯ ಸುತ್ತ ಬೆಳೆಯುವುದೂ ಉಂಟು. ಎಷ್ಟೋ ಸಲ ನೋವೇ ಇರುವುದಿಲ್ಲ. ಸದ್ದಿಲ್ಲದೆ ಎಲುಬನ್ನು ಟೊಳ್ಳು ಮಾಡುತ್ತದೆ.

ಇನ್ನು ಬಣ್ಣದ ಮಾತು. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ವಸ್ತುವೇ ಮೆಲನಿನ್. ನಮ್ಮವರಲ್ಲಿ ಅನೇಕರ ಒಸಡು ಕಪ್ಪಗಿರುವುದೂ ಇದರಿಂದಲೇ, ಅದು ರೋಗವಲ್ಲ. ಇದನ್ನು ತಯಾರಿಸುವ ಜೀವಕಣಗಳು, ಶಿಶು ಗರ್ಭದಲ್ಲಿರುವಾಗ, ಮಿದುಳು ಬೆನ್ನುಹುರಿಗಳು ಮೂಡುವ ಜಾಗದ ಅಂಚಿನಿಂದ ಹೊರಟು ಮೈಯೆಲ್ಲ ಹರಡುತ್ತವೆ. ಹಲ್ಲಿನ ತಿರುಳಾಗುವ ಕಣಗಳೂ ಅದೇ ಮನೆತನದವು. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮವರು ಎಣಿಸದ ಊರಿನಲ್ಲಿ ಸಿಗುವಂತೆ, ಇವೂ ಅಪರೂಪಕ್ಕೆ ಸಿಸ್ಟಿನ ಪೊರೆಯಲ್ಲಿ ಸಿಗುತ್ತವೆ. ಅಮೆರಿಕದ ಗಾರ್ಲಿನ್ ಮತ್ತು ಸಂಗಡಿಗರು 1962ರಲ್ಲಿ ವಿವರಿಸಿದ, ಸುಣ್ಣ ಕಟ್ಟುವ ಬಗೆಯ ಸಿಸ್ಟಿನಲ್ಲಿ ಇದನ್ನು ಕಂಡವರಿದ್ದಾರೆ. ಏಷ್ಯ, ಆಫ್ರಿಕ ಮೂಲದ ಕಪ್ಪು ಮೈಬಣ್ಣದವರಲ್ಲಿ ಕಂಡದ್ದೇ ಹೆಚ್ಚು. ಹಳೆಯ ರಕ್ತಸ್ರಾವದ ಕಬ್ಬಿಣವೂ ಸೂಕ್ಷ್ಮದರ್ಶಕದಲ್ಲಿ ಕಂದಾಗಿ ಕಾಣುವುದರಿಂದ ಪರೀಕ್ಷಕರು ಬೇರೆ ಬೇರೆ ದ್ರಾವಣ ಹಾಕಿ ನೋಡುತ್ತಾರೆ: ಒಂದರಲ್ಲಿ ಕಬ್ಬಿಣ ನೀಲಿಯಾಗುತ್ತದೆ, ಬೆಳ್ಳಿಯ ದ್ರಾವಣದಲ್ಲಿ ಮೆಲನಿನ್ ಕಪ್ಪಾಗುತ್ತದೆ.

ಈ ಬಣ್ಣದಿಂದ ಸಿಸ್ಟಿನ ಗುಣವಾಗಲಿ ಚಿಕಿತ್ಸೆಯಾಗಲಿ ಬದಲಾದದ್ದು ಕಂಡಿಲ್ಲ. ಕಡತದ ಅಂಚಿನ ಷರಾ ಬೇರೆ, ಹುಕುಂ ಬೇರೆ. ವರದಿಯ ಹುಕುಂ ಇರುವುದು ಸಿಸ್ಟಿನ ಹೆಸರಿನಲ್ಲಿ. ಅದು ಕೆರಟೋಸಿಸ್ಟ್ ಎಂದಿದ್ದರೆ ಮರುಕಳಿಸುವ ಸ್ವಭಾವದ್ದು. ಹೊಲಿಗೆ ಒಣಗಿತೆಂದು ಸುಮ್ಮನಾಗದೆ ವರ್ಷಗಟ್ಟಲೆ ತೋರಿಸುತ್ತಿರಬೇಕು.

ಹಾಗೆಂದು ಬಾಯಿಯ ಕಪ್ಪನ್ನೆಲ್ಲ ಅಲಕ್ಷಿಸಲೂ ಆಗದು. ಅಂಗುಳಿನಲ್ಲೋ ಒಸಡಿನಲ್ಲೋ ಹೊಸದಾಗಿ ಮಚ್ಚೆ ಮೂಡಿ ಹರಡುತ್ತಿದ್ದರೆ ಒಡನೆಯೇ ತೋರಿಸಿರಿ. ನೋವಿಲ್ಲದ ಊತ, ಕಾರಣವಿಲ್ಲದೆ ಅಲುಗುವ ಹಲ್ಲು, ವಯಸ್ಸು ಮೀರಿದರೂ ಮೂಡದ ಮಕ್ಕಳ ಹಲ್ಲು, ಇವಕ್ಕೆ ಒಂದು ಎಕ್ಸ್‌ರೇ ಸಾಕು, ಒಳಗಿನ ಸಂಗತಿ ತಿಳಿದೀತು. ಅಫಜಲ್‌ಗಂಜ್‌ನಲ್ಲಿ ಸರ್ಕಾರಿ ದಂತ ಕಾಲೇಜಿನ ಆಸ್ಪತ್ರೆಯುಂಟು. ವರದಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ತೆಲುಗಿನಲ್ಲೋ ಉರ್ದುವಿನಲ್ಲೋ ಸಿಗುತ್ತದೆ. ಆ ಭಾಷೆ ಬಲ್ಲ ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಸಂಕೋಚವಿಲ್ಲದೆ ಮೂರು ಮಾತು ಕೇಳಿರಿ: ಸಿಸ್ಟಿನ ಹೆಸರೇನು, ಮರುಕಳಿಸುವುದೆ, ಮತ್ತೆ ಯಾವಾಗ ಬರಬೇಕು?