ಹೋಬಳಿಗೂ ತರಬೇತುದಾರರು ಬೇಕು
ಕೇಂದ್ರ ಸಂಪುಟ 2025ರ ಜುಲೈ 1ರಂದು ಒಪ್ಪಿದ ‘ಖೇಲೋ ಭಾರತ್ ನೀತಿ’ಯು ಮಹಿಳೆಯರು, ಬಡವರು, ಬುಡಕಟ್ಟು ಜನರು ಹಾಗೂ ಅಂಗವಿಕಲರನ್ನು ಕ್ರೀಡೆಗೆ ಕರೆತರುವ ಆಶಯ ಹೊಂದಿದೆ. ಇದು ಸ್ವಾಗತಾರ್ಹ. ಆದರೆ ಹಣವೆಲ್ಲ ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೇ ಹೋದರೆ, ಯಾದಗಿರಿಯಿಂದ ದೂರವಿರುವ ಕೆಂಭಾವಿಯಂತಹ ಹೋಬಳಿಗಳ ಪಾಲಿಗೆ ನೀತಿ ಕಾಗದದಲ್ಲೇ ಉಳಿಯುತ್ತದೆ. ಸಂಜೆ ಊರಿಗೆ ಬಸ್ಸು, ಮೈದಾನದಲ್ಲಿ ಶೌಚಾಲಯ ಇಲ್ಲದಿದ್ದರೆ ಮೊದಲು ಆಟ ಬಿಡುವವರು ಹೆಣ್ಣುಮಕ್ಕಳು.

ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಕ್ರೀಡೆಯಲ್ಲಿ ಅವರ ಪಾಲ್ಗೊಳ್ಳುವಿಕೆಯನ್ನು ಸರ್ಕಾರದ ಹೊಣೆಯಾಗಿಸಿದೆ. ಅದು ಔದಾರ್ಯದ ಮಾತಲ್ಲ. ಯಾದಗಿರಿಯಂತಹ ಜಿಲ್ಲೆಗಳಿಗಾಗಿ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಕಟ್ಟಡದ ಜೊತೆಗೆ ಮೈದಾನಗಳ ನಿರ್ವಹಣೆಗೂ ಹಣ ಮೀಸಲಿಡಲಿ. ಮಹಿಳೆಯರೂ ಸೇರಿದಂತೆ ಹೋಬಳಿಗೊಬ್ಬರಂತೆ ಕಾಯಂ ತರಬೇತುದಾರರನ್ನು ನೇಮಿಸುವುದು ಕ್ರೀಡಾ ಇಲಾಖೆಯ ಮೊದಲ ಕೆಲಸವಾಗಬೇಕು.