ಸಾಸಿವಿ ಡಬ್ಬಿ ಸಾಲ

ಹೋದ ವರ್ಷ ದೀಪಾವಳಿಗೆ ಮನಿ ಸ್ವಚ್ಛ ಮಾಡೋ ಮುಂದ ನಾಗೊಂದಿ ಮ್ಯಾಲಿಂದ ನನ್ನ ಹಳೇ ಲೆಕ್ಕದ ವಹಿ ಕೆಳಗ ಬಿತ್ತು. ಧೂಳ ಝಾಡಿಸಿ ರದ್ದಿಗೆ ಹಾಕಬೇಕು ಅನ್ನೋದ್ರಾಗ ಮಗಳು ಕಸಗೊಂಡು ಓದ್ಲಿಕ್ಕೆ ಕೂತ್ಲು. ಮೊದಲಿನ ಹಾಳ್ಯಾಗೆಲ್ಲ ಹಾಲು, ಕಾಯಿಪಲ್ಯ, ಗಿರಣಿ, ಇಸ್ತ್ರಿ. ಆವಾಗ ಹಾಲಿಗೆ ಇಷ್ಟ ರೇಟ್ ಇತ್ತಾ ಅಂತ ನಕ್ಕೋತ ಹೊಂಟಿದ್ಲು. ಕಡೀ ಹಾಳಿಗೆ ಬಂದು ಸುಮ್ಮನಾದ್ಲು. ಅದರ ಮ್ಯಾಲೆ ‘ನನ್ನ ಡಬ್ಬಿಯಿಂದ ಮನಿಗೆ’ ಅಂತ ನಾನ ಬರದಿದ್ದೆ.

“ಅಮ್ಮಾ, ಇದು ಮನಿಯವರು ನಿನಗ ವಾಪಸ್ ಕೊಡಬೇಕಾದ್ದಾ?” ಅಂತ ಕೇಳಿದ್ಲು.

ಹಂಗ ನನಗ ಯಾರೂ ಅಂದಿದ್ದಿಲ್ಲ, ನಾನೂ ಅಂದುಕೊಂಡಿದ್ದಿಲ್ಲ. ಆ ಹಾಳಿ ಶುರು ಆಗಿದ್ದು 2014ರಾಗ. ನಮ್ಮನಿಯವರಿಗೆ ಗಾಡಿ ತೊಗೋಬೇಕಿತ್ತು, ಮುಂಗಡಕ್ಕ 18,000 ರೂಪಾಯಿ ಕಡಿಮಿ ಬಿತ್ತು. ನಾ ಸಾಸಿವಿ ಡಬ್ಬಿ ಬೋರಲ ಹಾಕಿ ಕೊಟ್ಟೆ. ಎಲ್ಲಾರೂ ಖುಷಿ ಆದ್ರು, ಲಕ್ಷ್ಮಿ ಅಂದ್ರು. ಆವತ್ತ ರಾತ್ರಿ ಭಾಂಡೆ ತಿಕ್ಕೋ ಮುಂದ ನಮ್ಮತ್ತಿಯವರು ಬಾಜೂಕ ಬಂದು ನಿಂತು ಸಣ್ಣ ಧ್ವನಿಲೆ ಹೇಳಿದ್ರು. “ಕೊಟ್ಟಿ, ಛಲೋ ಆತು. ತಿರುಗಿ ಕೇಳಬ್ಯಾಡ. ಆದ್ರ ಬರದಿಡು. ನಾ ಬರದಿಡಲಿಲ್ಲ.”

ಅವರ ಕಥಿ ನಮ್ಮ ಬಳಗದಾಗ ಎಲ್ಲಾರಿಗೂ ಅರ್ಧಮರ್ಧ ಗೊತ್ತದ. ಈಗ ನಾವಿರೋ ಮನಿ ಪ್ಲಾಟು ತೊಗೊಳ್ಳಿಕ್ಕೆ ತವರಮನಿಯವರು ಹಾಕಿದ್ದ ಪಾಟ್ಲಿ, ಬಿಲ್ವಾರ ಎರಡೂ ತಗದು ಕೊಟ್ಟಿದ್ರು. ಮುಂದ ಮಾಡಿಸಿಕೊಡ್ತೀನಿ ಅಂದಿದ್ರಂತ ಮಾವನವರು. ಮಾಡಿಸಿಕೊಡಲಿಲ್ಲ, ಹಂಗಂತ ಅವರು ಕೆಟ್ಟವರಲ್ಲ. ಒಂದಾದ ಮ್ಯಾಲೊಂದು ಖರ್ಚು, ಮೂರು ಮಂದಿ ಹೆಣ್ಮಕ್ಕಳ ಲಗ್ನ. ಪ್ಲಾಟು ಮಾವನವರ ಹೆಸರಿಗೆ, ಆಮ್ಯಾಲೆ ಮಗನ ಹೆಸರಿಗೆ. ಅತ್ತಿಯವರು ಕಡೀ ಎರಡು ವರ್ಷ ಹಾಸಿಗಿ ಹಿಡದಾಗ ಹನುಮಪ್ಪನ ಗುಡಿ ಹುಂಡಿಗೆ ಹಾಕ್ಲಿಕ್ಕೆ ಹತ್ತು ರೂಪಾಯಿ ಬೇಕಾದ್ರ ಮಗ ಆಫೀಸಿನಿಂದ ಬರೋ ದಾರಿ ಕಾಯೋರು. ಮಗ ಎಂದೂ ಇಲ್ಲ ಅಂದವರಲ್ಲ. ಆದ್ರ ಕೇಳೋ ಮುಂದ ಅವರ ಧ್ವನಿ ಸಣ್ಣದಾಗ್ತಿತ್ತು. ತಮ್ಮ ಬಂಗಾರ ಬುನಾದಿಗೆ ಹಾಕಿದ ಮನ್ಯಾಗ ಹತ್ತು ರೂಪಾಯಿಗೆ ಧ್ವನಿ ಸಣ್ಣ ಮಾಡೋದು ನಾ ಕಣ್ಣಿಲೆ ನೋಡೇನಿ. 2021ರಾಗ ಅವರು ಹೋದ್ರು.

ಇನ್ನ ನನ್ನ ಹಾಳಿಗೆ ಬರ್ತೀನಿ. 18,000ದ ಕೆಳಗ 2016. ಆ ನವೆಂಬರ 8ರ ರಾತ್ರಿ ಯಾವ ಹೆಣ್ಮಗಳು ಮರೀತಾಳ್ರಿ? 500, 1000ದ ನೋಟು ನಡೆಯೂದಿಲ್ಲ ಅಂತ ಟಿವ್ಯಾಗ ಹೇಳಿದ್ದ ತಡ, ನಮ್ಮ ಓಣ್ಯಾಗ ದೇವರ ಮನಿ, ಅಕ್ಕಿ ಡಬ್ಬಿ, ಹಳೇ ಸೀರಿ ಮಡಿಕಿ ಎಲ್ಲಾ ಹೊರಗ ಬಂತು. ನಂದು 37,500 ಬಂತು. ನನ್ನ ಹೆಸರಿಗೆ ಖಾತೆ ಇದ್ದಿದ್ದಿಲ್ಲ, ಇವರ ಖಾತೆಗೆ ತುಂಬಿದ್ವಿ. ಹೆಣ್ಮಕ್ಕಳು ಎರಡೂವರಿ ಲಕ್ಷದ ತನಕ ತುಂಬಿದ್ರ ವಿಚಾರಣಿ ಮಾಡೂದಿಲ್ಲ ಅಂತ ಸರ್ಕಾರ ಹೇಳಿತ್ತು. ಮನ್ಯಾಗ ಮಾತ್ರ ಎಲ್ಲಾರೂ ವಿಚಾರಣಿ ಮಾಡಿದ್ರು. ‘ಇಷ್ಟ ರೊಕ್ಕ ಎಲ್ಲಿಂದ ಬಂತು? ಕೇಳಿದಾಗ ಇಲ್ಲ ಅಂತಿದ್ದಿ?’ ಅಂತ ನಗಿಚಾಟಿಕಿ. ಆ ರೊಕ್ಕ ಖಾತ್ಯಾಗ ಕೂಡಿ ಮನಿ ಸಾಲದ ಕಂತಿಗೆ, ಮಕ್ಕಳ ಸಾಲಿಗೆ ಕರಗಿ ಹೋತು. ಅದಾದ ಮ್ಯಾಲೆ ನಾ ಬುದ್ಧಿ ಕಲ್ತು ನನ್ನ ಹೆಸರಲೆ ಖಾತೆ ತಗದು, 2017ರ ಜನವರಿಯಿಂದ ಪೋಸ್ಟಿನ್ಯಾಗ ತಿಂಗಳಾ 1,000ದ್ದು ಆರ್‌ಡಿ ಹಚ್ಚಿದೆ.

2019ರ ಆಗಸ್ಟಿನ ಮಳಿಗೆ ಹಿತ್ತಲ ಕಡೆ ಮಾಳಗಿ ಸೋರಿ ಗ್ವಾಡಿ ಹಸಿ ಹಿಡೀತು, ರಿಪೇರಿಗೆ ನನ್ನ ಕಡೆಯಿಂದ 22,000. 2020ರ ಲಾಕ್‌ಡೌನಿನ್ಯಾಗ ನಾಲ್ಕು ತಿಂಗಳು ಇವರ ಪಗಾರ ಅರ್ಧಕ್ಕರ್ಧ ಆತು, ನನ್ನ ಆರ್‌ಡಿ ಮುರದ್ವಿ. 44 ಕಂತು ತುಂಬಿದ್ದೆ, 47,000 ಕೈಗೆ ಬಂತು. ನಡುವ ಮುರದ್ದಕ್ಕ ಒಪ್ಪಿದ ಬಡ್ಡಿ ಕೊಡಲಿಲ್ಲ, ಸಾದಾ ಉಳಿತಾಯ ಖಾತೆ ಬಡ್ಡಿ ಅಷ್ಟ. (ಒಂದು ವರ್ಷ ಆಗಿ 12 ಕಂತು ತುಂಬಿದ್ರ, ಅದರ ಮ್ಯಾಲೆ ಅರ್ಧದಷ್ಟು ಸಾಲ ಸಿಗ್ತದ, ಆರ್‌ಡಿ ಮುರಿಯೋದು ಬೇಕಾಗೂದಿಲ್ಲ ಅಂತ ನನಗ ಆಮ್ಯಾಲೆ ಗೊತ್ತಾತು. ನಿಮಗರೆ ಗೊತ್ತಿರ್ಲಿ.) ಮತ್ತ 2022ರಾಗ ಮಗನ ಕಾಲೇಜ್ ಫೀಗೆ ನನ್ನ ಭಿಶಿ ರೊಕ್ಕ 24,000. ಆ ಭಿಶಿ ಎತ್ತಿದಾಗ ಒಂದು ಜೋಡಿ ಕಿವ್ಯಾನೂ ಮಾಡಿಸಿಕೋಬೇಕು ಅಂತ ಮಾಡಿದ್ದೆ, ಅದಿರಲಿ.

ಎಲ್ಲಾ ಕೂಡಿಸಿದ್ರ 1,48,500. ಮಗಳು ಮೊಬೈಲಿನ್ಯಾಗ ಕೂಡಿಸಿ ತೋರಿಸಿದ್ಲು. ನಾ ಎಂದೂ ಕೂಡಿಸಿದ್ದಿಲ್ಲ.

ಈಗ ನಾ ಹೇಳೋದು ನಿಮಗ ಸಿಟ್ಟು ಬರಬಹುದು, ಆದ್ರೂ ಹೇಳ್ತೀನಿ. ತಾಯಂದಿರ ಉಳಿತಾಯದ ಬಗ್ಗೆ ಮಾತು ಬಂದ್ರ ಎಲ್ಲಾರೂ ಹೆಂಗ ಉಳಿಸಬೇಕು ಅಂತ ಹೇಳ್ತಾರ. ಅದೇನು ನಮಗ ಹೇಳಿಕೊಡಬೇಕಾ? ಸುಗ್ಗ್ಯಾಗ ವರ್ಷದ ಜ್ವಾಳ, ತೊಗರಿ ಹಿಡಿಯೋದು, ಸಂತಿ ಏಳೋ ಹೊತ್ತಿಗೆ ಕಾಯಿಪಲ್ಯ ತರೋದು, ಬ್ಯಾಸಿಗ್ಯಾಗ ಶಾವಿಗಿ, ಹಪ್ಪಳ ಮಾಡಿ ನಾಲ್ಕು ಮನಿಗೆ ಕೊಡೋದು, ರದ್ದಿ ಪೇಪರಿನ ರೊಕ್ಕ ಬ್ಯಾರೆ ಇಡೋದು, ಇದೆಲ್ಲಾ ನಮಗ ತವರಿನಿಂದ ಬಂದದ್ದು. ನಾವು ಉಳಿಸೋದ್ರಾಗ ಏನೂ ಕಮ್ಮಿ ಇಲ್ಲ. ಉಳಿಸಿದ್ದು ಉಳಿಯೂದಿಲ್ಲ, ಅದು ಸಮಸ್ಯೆ. ಮನಿಗೆ ಒಂದು ತಾಪತ್ರಯ ಬಂದ್ರ ಮೊದಲು ಖಾಲಿ ಆಗೋದು ತಾಯಿ ಡಬ್ಬಿ. ಖಾಲಿ ಆಗಿದ್ದು ಸಾಲ ಅಂತ ಯಾರ ಲೆಕ್ಕದಾಗೂ ಹತ್ತೂದಿಲ್ಲ. ನನ್ನ ಅಭಿಪ್ರಾಯ ಇಷ್ಟ: ಅದು ಸಾಲ. ಬ್ಯಾಂಕಿನ ಸಾಲ ಹೆಂಗ ತೀರಸ್ತೀವಿ ಹಂಗ ತೀರಿಸಬೇಕು.

ಇದನ್ನ ನಮ್ಮ ವೈನಿ ಮುಂದ ಹೇಳಿದಾಗ ಅವರು ಬಾಯಿ ಮ್ಯಾಲೆ ಕೈ ಇಟ್ಗೊಂಡ್ರು. “ಅಯ್ಯ, ಮನಿ ಅಂದ್ರ ಏನು ಬ್ಯಾಂಕೇನವಾ? ಗಂಡ ತನ್ನ ಪಗಾರೆಲ್ಲಾ ತಂದು ಕೈಯಾಗ ಹಾಕ್ತಾನ, ಅವ ಎಂದರೆ ವಾಪಸ್ ಕೊಡು ಅಂದಾನೇನು?” ಅಂದ್ರು. ಮಾತು ಖರೇನ. ನಮ್ಮನಿಯವರಿಗೂ ಒಂದ ಒಂದು ಚಟ ಇಲ್ಲ, ವರ್ಷಕ್ಕ ಎರಡು ಅಂಗಿ ಮ್ಯಾಲೆ ಮೂರನೇದ್ದು ತೊಗೊಳ್ಳೂದಿಲ್ಲ. ನಾ ರಾತ್ರಿಯೆಲ್ಲಾ ಆ ಮಾತು ತಲ್ಯಾಗ ಇಟ್ಗೊಂಡು ಹೊರಳ್ಯಾಡಿದೆ. ಬೆಳಿಗ್ಗೆ ಚಹಾ ಕಾಸೋ ಮುಂದ ಹೊಳೀತು. ಅವರ ಪಗಾರದಾಗ ತಿಂಗಳಾ ಪಿಎಫ್ ಹಿಡೀತಾರ, ನೂರಕ್ಕ 12. ಕಂಪನಿಯವರು ಅಷ್ಟ ಹಾಕ್ತಾರ. ಅದು ಮನಿಗೆ ಬರೋಕಿಂತ ಮೊದಲ ಬ್ಯಾರೆ ಆಗಿರ್ತದ, ಅವರ ಹೆಸರಲೆ ಇರ್ತದ, ತಗೀಬೇಕಂದ್ರ ಅರ್ಜಿ ಹಾಕಬೇಕು. ಗಾಡಿ ಮುಂಗಡಕ್ಕ ಯಾರೂ ಪಿಎಫ್ ನೆನಸಲಿಲ್ಲ. ನನ್ನ ಡಬ್ಬಿಗೆ ಅರ್ಜಿ ಬೇಕಾಗೂದಿಲ್ಲ, ಸಾಸಿವಿ ಒಂದ ಕಾವಲು. ನಾನೂ ಮನಿ ಕೆಲಸದಾಗ 24 ವರ್ಷ ಸರ್ವಿಸ್ ಮಾಡೇನಿ. ಪಿಎಫ್ ಅಂತ ಇದ್ರ ನನಗ ಅದ ಡಬ್ಬಿ.

ಬರೇ ನಮ್ಮಂಥಾ ಮನಿ ಮಾತಲ್ಲ ಇದು. ನಮ್ಮಲ್ಲೆ ಕೆಲಸಕ್ಕ ಬರೋ ಅಕ್ಕಗ ಗೃಹಲಕ್ಷ್ಮಿ 2,000 ಬರ್ತದ. 2023ರ ಆಗಸ್ಟಿನ್ಯಾಗ ಯೋಜನಾ ಶುರು ಆದಾಗ ಮನಿ ಯಜಮಾನಿ ಅಂತ ತನ್ನ ಹೆಸರು ಬಂತು ಅಂತ ಪೇಢೆ ಕೊಟ್ಟಿದ್ಲು. ಮೊನ್ನೆ ಕೇಳಿದ್ರ, ರೊಕ್ಕ ಬಂದ ಮೆಸೇಜ್ ಮಗನ ಮೊಬೈಲಿಗೆ ಬರ್ತದ, ಅವನ ಮೊಬೈಲ್ ಕಂತಿಗೆ ಹೋಗ್ತದ ಅಂದ್ಲು. ಹೆಸರು ತಾಯಿದು, ರೊಕ್ಕ ಮಗಂದು. ಬರದಿಟ್ಟಿಯೇನು ಅಂದೆ. “ಮಗಗ ಕೊಟ್ಟಿದ್ದು ಏನ ಬರಿಯೋದ್ರಿ ಬಾಯಾರ” ಅಂತ ನಕ್ಕಳು. ಆಕಿ ನಗು ನನಗ ಅತ್ತಿಯವರ ನೆನಪು ತಂತು.

ಇದೇನು ನಾ ಹೊಸಾದ್ದು ಹುಟ್ಟಿಸಿದ್ದಲ್ಲ. ನಮ್ಮ ಬಳಗದ ವಕೀಲ ಕಾಕಾನ ಮುಂದ ಅಂಜಿಕೋತ ಕೇಳಿದ್ರ ಅವರು ನನ್ನಕಿಂತ ಹುರುಪಿಗೆ ಬಿದ್ರು. 2024ರ ಏಪ್ರಿಲಿನ್ಯಾಗ ಸುಪ್ರೀಂ ಕೋರ್ಟು ಕೇರಳದ ಒಬ್ಬಾಕಿ ಖಟ್ಲೇದಾಗ ಹೇಳ್ಯದಂತ. ಸ್ತ್ರೀಧನ ಅಂದ್ರ ಹೆಂಡ್ತಿದು ಅಷ್ಟ, ಗಂಡ ಹೆಂಡ್ತಿ ಇಬ್ಬರದೂ ಕೂಡಿದ್ದಲ್ಲ. ಅಡಚಣ್ಯಾಗ ಗಂಡ ಬಳಸಬಹುದು, ಆದ್ರ ಅದನ್ನರೆ ಅದರ ಬೆಲಿನ್ನರೆ ತಿರುಗಿ ಕೊಡೋ ನೈತಿಕ ಜವಾಬ್ದಾರಿ ಅವಂದು. ಆಕಿಗೆ 25 ಲಕ್ಷ ಕೊಡಿಸ್ಯಾರ. ಇನ್ನೂ ಹಿಂದ ಹೋಗು ಅಂದ್ರು ಕಾಕಾ. ನಮ್ಮ ಬಸವಕಲ್ಯಾಣದಾಗ, ಚಾಲುಕ್ಯರ ವಿಕ್ರಮಾದಿತ್ಯನ ಕಾಲದಾಗ ವಿಜ್ಞಾನೇಶ್ವರ ಬರದ ಮಿತಾಕ್ಷರದಾಗೂ ಇದು ಅದ. ಬರಗಾಲ, ಧರ್ಮಕಾರ್ಯ, ಜಡ್ಡು, ಸೆರಿ, ಇಂಥಾದ್ರಾಗ ಗಂಡ ತೊಗೊಂಡ್ರ ತಿರುಗಿ ಕೊಡದಿದ್ರೂ ನಡೀತದ, ಉಳಿದದ್ದಕ್ಕ ಕೊಡಬೇಕು. ನಾ ತಕ್ಷಣ ಮನಸ್ಸಿನ್ಯಾಗ ನನ್ನ ಹಾಳಿ ತಿರುವಿ ಹಾಕಿದೆ. ಲಾಕ್‌ಡೌನ್ ಬೇಕಾದ್ರ ಬರಗಾಲ ಅನ್ರಿ, ಬಿಟ್ಟೇನು. ಗಾಡಿ ಮುಂಗಡ ಇದ್ರಾಗ ಯಾವುದೂ ಅಲ್ಲ! ಡಬ್ಬಿ ರೊಕ್ಕ ಕಾಯ್ದೆ ಪ್ರಕಾರ ಸ್ತ್ರೀಧನ ಹೌದೋ ಅಲ್ಲೋ ಅಂತ ನಾ ವಾದಕ್ಕ ಇಳಿಯೂದಿಲ್ಲ, ಮನಿಗೆ ಕೋರ್ಟ್ ತರೋ ವಿಚಾರನೂ ಇಲ್ಲ. ತೊಗೊಂಡದ್ದು ತಿರುಗಿ ಕೊಡಬೇಕು ಅನ್ನೋ ಮಾತು ನಮ್ಮ ಊರ ಕಡೇನ ಹುಟ್ಟಿದ್ದು ಅಂತ ಧೈರ್ಯ ಬಂತು ನೋಡ್ರಿ, ಅಷ್ಟ ಸಾಕಾತು.

ದೀಪಾವಳಿ ಪಾಡ್ಯದ ಮರುದಿನ ವಹಿ ಇವರ ಮುಂದ ಇಟ್ಟೆ. ಮೊದಲು ನಕ್ರು. ಆಮ್ಯಾಲೆ, “ನಿನ್ನ ರೊಕ್ಕ ನನ್ನ ರೊಕ್ಕ ಅಂತ ಬ್ಯಾರೆ ಅದ ಏನು ನಮ್ಮನ್ಯಾಗ?” ಅಂತ ಮಾರಿ ಸಣ್ಣ ಮಾಡಿದ್ರು. ನನಗ ಅಲ್ಲೇ ಸಾಕು ಅನಿಸಿತ್ತು, ಖರೇ ಹೇಳ್ತೀನಿ. ವಹಿ ಎತ್ತಿ ಒಳಗ ಹೋಗೋಣ ಅಂದ್ರ ಮಗಳು ಅಂದ್ಲು, “ಅಪ್ಪಾ, ಬ್ಯಾಂಕಿನವರಿಗೆ ತಿಂಗಳಾ 5ಕ್ಕ ತಪ್ಪದ ಕೊಡ್ತಿ. ಲಾಕ್‌ಡೌನಿನ್ಯಾಗ ಕಂತು ಮುಂದ ಹಾಕಿದ್ರೂ ಅವರು ಬಡ್ಡಿ ಬಿಡಲಿಲ್ಲ ಅಂತ ನೀನ ಬೈತಿದ್ದಿ. ಅಮ್ಮ ಬಡ್ಡಿ ಕೇಳವಲ್ಲಳು.” ಅವರು ಏನೂ ಅನಲಿಲ್ಲ. ವಹಿ ತೊಗೊಂಡು ಒಂದೊಂದ ಸಾಲು ಓದಿದ್ರು. ಮಾಳಗಿ ರಿಪೇರಿಗೆ ಬಂದು, “ಇದು ನೀ ಕೊಟ್ಟಿದ್ದೇನು? ನಾನ ಕೊಟ್ಟೇನಿ ಅಂತ ತಿಳಕೊಂಡಿದ್ದೆ” ಅಂದ್ರು. ಅವರ ಮ್ಯಾಲೆ ನನಗ ಸಿಟ್ಟು ಬರಲಿಲ್ಲ. ಬರದಿಡದಿದ್ರ ನಾನೂ ಮರತಿರ್ತಿದ್ದೆ.

ತಿಂಗಳಾ 1,500 ಅಂತ ಆತು. 99 ತಿಂಗಳು, ಅಂದ್ರ ಎಂಟು ವರ್ಷ ಮೂರು ತಿಂಗಳು. ಬಡ್ಡಿ ಮಾಫ್. ಲುಕ್ಸಾನು ನಂದ, ಅದು ಗೊತ್ತದ. ಗಾಡಿ ತೊಗೊಂಡ ವರ್ಷ 10 ಗ್ರಾಮ್ ಬಂಗಾರ 28,000ದ ಆಸುಪಾಸು ಇತ್ತು, 2025ರಾಗ ಲಕ್ಷ ದಾಟಿತು. ಆ 18,000ಕ್ಕ ಅರ್ಧ ತೊಲಿಗಿಂತ ಹೆಚ್ಚು ಬರ್ತಿತ್ತು. ಇರ್ಲಿ. ಎಲ್ಲಾದಕ್ಕೂ ಲೆಕ್ಕ ಹಚ್ಚೂದಿಲ್ಲ ಅಂತ ನಾನೂ ಒಪ್ಪೇನಿ. ಹಬ್ಬದ ಖರ್ಚು, ಮಕ್ಕಳ ತಿನಿಸು, ಬೀಗರು ಬಂದಾಗ ಮಾಡಿದ ಉಡಿ, ಅವು ಬರೆಯೂದಿಲ್ಲ. ನನ್ನ ಹೆಸರಲೆ ಬ್ಯಾರೆ ಇಟ್ಟದ್ರಾಗಿಂದ 5,000ದ ಮ್ಯಾಲೆ ತಗದ್ರ ಅಷ್ಟ ಬರಿಯೋದು. ಬರದು ಇಬ್ಬರೂ ಸಹಿ ಮಾಡೋದು. ಸಹಿ ಮಾಡೋ ಮುಂದ ಇವರಿಗೆ ನಗು, ನನಗ ನಾಚಿಕಿ.

ಬಂದ 1,500 ನೇರ ಪೋಸ್ಟಿನ ಹೊಸಾ ಆರ್‌ಡಿಗೆ ಹೋಗ್ತದ. ನಾಮಿನಿ ಮಗಳು. ಪಾಸ್‌ಬುಕ್ ಎಲ್ಲೆ ಅದ ಅಂತ ಮನ್ಯಾಗ ಎಲ್ಲಾರಿಗೂ ಗೊತ್ತದ. ಈ ಸಲ ಮುಚ್ಚಿಡಲಿಲ್ಲ. ನೂರು ರೂಪಾಯಿಯಿಂದನೂ ಹಚ್ಚಬಹುದು, ಕೆಲಸದ ಅಕ್ಕಗೂ ಹೇಳೇನಿ, ಇನ್ನೂ ಮನಸ್ಸು ಮಾಡಿಲ್ಲ.

ಈಗ ತಿಂಗಳಾ 5ಕ್ಕ ಬ್ಯಾಂಕು, 6ಕ್ಕ ನಾನು. ಹೋದ ತಿಂಗಳು ಇವರು 8ಕ್ಕ ಕೊಟ್ರು, ಮಗಳು ದಂಡ ಅಂತ ಅವರ ಕಡೆಯಿಂದ ಒಂದು ಪಾವ ಕಿಲೋ ಧಾರವಾಡ ಪೇಢೆ ತರಿಸಿದ್ಲು. 11 ಕಂತು ಬಂದಾವ, 88 ಬಾಕಿ ಅವ.